ಪ್ಲೇ ಸ್ಟೋರ್‌ನ ‘ಯೂಸರ್ ಚಾಯ್ಸ್ ಬಿಲ್ಲಿಂಗ್’: ನೂರಕ್ಕೆ ಎರಡು ರೂಪಾಯಿಯ ಆಯ್ಕೆ

ಆ್ಯಪ್ ಸ್ಟೋರ್ ಬಗ್ಗೆ ಓದಲು ಸಿಗುವುದೆಲ್ಲ ಕೊಳ್ಳುವವರು ಬರೆದದ್ದು. ಇದು ಮಾರುವವರ ಕಡೆಯ ವಿಮರ್ಶೆ. ಗಮಕ ಕಲಿಸುವ ಸಣ್ಣ ಆ್ಯಪ್ ಒಂದು ನಮ್ಮದಿದೆ. ಮಾಡಿದವನು ಅಕ್ಕನ ಮಗ. ಲೆಕ್ಕ ನೋಡುವುದು, ಚಂದಾದಾರರ ಫೋನ್ ಎತ್ತುವುದು ನನ್ನ ಪಾಲು. ಶಿವಮೊಗ್ಗದ ಮನೆಯಲ್ಲೇ ಕೂತು ನಡೆಸುತ್ತೇವೆ. ತಿಂಗಳ ಚಂದಾ 99 ರೂಪಾಯಿ, ಲೆಕ್ಕ ಸುಲಭವಾಗಲಿ ಅಂತ ಇಲ್ಲಿ 100 ಅಂದುಕೊಳ್ಳೋಣ. ಜಿಎಸ್‌ಟಿಯನ್ನೂ ಪಕ್ಕಕ್ಕಿಡೋಣ, ಅದನ್ನು ತಂದರೆ ಓದುವವರು ಎದ್ದು ಹೋಗುತ್ತಾರೆ.

ಭಾರತದಲ್ಲಿ ಪ್ಲೇ ಸ್ಟೋರ್ ಮೂಲಕ ಡಿಜಿಟಲ್ ಸರಕು ಮಾರುವವರಿಗೆ ಗೂಗಲ್ ಮೂರು ದಾರಿ ಕೊಟ್ಟಿದೆ. ಒಂದು, ಗೂಗಲ್‌ನ ಗಲ್ಲಾದಲ್ಲೇ ದುಡ್ಡು ತೆಗೆದುಕೊಳ್ಳುವುದು. ಎರಡು, ಗೂಗಲ್‌ನ ಗಲ್ಲಾದ ಪಕ್ಕದಲ್ಲಿ ನಮ್ಮದೂ ಒಂದು ಇಟ್ಟು, ಯಾವುದು ಬೇಕೋ ಗಿರಾಕಿಯೇ ಆರಿಸಿಕೊಳ್ಳಲಿ ಅನ್ನುವುದು. ಮೂರು, ಆ್ಯಪ್ ಒಳಗೆ ಏನೂ ಮಾರದೆ, ಬೇರೆಲ್ಲೋ ಕೊಂಡವರು ಇಲ್ಲಿ ಲಾಗಿನ್ ಆಗಿ ಕೇಳಲಿ ಅನ್ನುವುದು. ಎರಡನೆಯದರ ಹೆಸರೇ ಯೂಸರ್ ಚಾಯ್ಸ್ ಬಿಲ್ಲಿಂಗ್. ಮೂರನ್ನೂ ಬಳಸಿ ನೋಡಿದ್ದೇವೆ. ಬರೆಯಬೇಕಾದ್ದು ಜಾಸ್ತಿ ಇರುವುದು ಎರಡನೆಯದರ ಬಗ್ಗೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಗಲ್ಲಾ ಅಂತ ನೋಡಿದರೆ ಗೂಗಲ್ ಪ್ಲೇದು ಗಟ್ಟಿ ಗಲ್ಲಾ. ಖಾತೆ ತೆರೆಯಲು ಒಂದೇ ಸಲ 25 ಡಾಲರ್. (ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್.) ಹೊಸದಾಗಿ ವೈಯಕ್ತಿಕ ಖಾತೆ ಮಾಡುವವರು 12 ಜನರ ಕೈಗೆ ಆ್ಯಪ್ ಕೊಟ್ಟು 14 ದಿನ ಬಳಸಿ ತೋರಿಸಬೇಕು. ನಾವು ಸಂಸ್ಥೆಯ ಹೆಸರಿನಲ್ಲಿ ಮಾಡಿದ್ದರಿಂದ ಅದು ತಪ್ಪಿತು. ಇಲ್ಲದಿದ್ದರೆ ನಮ್ಮ ಗಮಕ ಗೋಷ್ಠಿಯ ಹಿರಿಯರನ್ನೆಲ್ಲ ಕೂಡಿಸಿ, ಕನ್ನಡಕ ಹುಡುಕಿಕೊಟ್ಟು, ‘ದಿನಾ ಒಂದ್ಸಲ ತೆಗೆದು ನೋಡಿ ಸಾರ್’ ಅಂತ ಬೆನ್ನು ಹತ್ತಬೇಕಾಗುತ್ತಿತ್ತು.

ಗಲ್ಲಾದ ಅಸಲಿ ಬೆಲೆ ಗೊತ್ತಾಗುವುದು ಎರಡನೇ ತಿಂಗಳು. ಚಂದಾ ವ್ಯಾಪಾರದಲ್ಲಿ ಮೊದಲ ಸಲ ದುಡ್ಡು ಕೊಡಿಸುವುದು ಸುಲಭ, ಅದು ತಿಂಗಳು ತಿಂಗಳು ತಾನಾಗಿ ಬರುವುದು ಕಷ್ಟ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ಕಾರ್ಡಿನಿಂದ ತಾನಾಗಿ ದುಡ್ಡು ಕಟ್ ಆಗಬೇಕಾದರೆ ಮೊದಲೇ ಒಪ್ಪಿಗೆ ಬೇಕು, ಕಟ್ ಆಗುವ 24 ಗಂಟೆ ಮುಂಚೆ ಗಿರಾಕಿಗೆ ಸಂದೇಶ ಹೋಗಬೇಕು. 2022ರ ನವೆಂಬರ್‌ನಲ್ಲಿ ಪ್ಲೇ ಸ್ಟೋರ್ ಚಂದಾಗಳಿಗೆ ಯುಪಿಐ ಆಟೋಪೇ ಬಂತು. ನಮ್ಮ ಚಂದಾದಾರರಲ್ಲಿ ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು ಜಾಸ್ತಿ. ಕ್ರೆಡಿಟ್ ಕಾರ್ಡ್ ಅವರಿಗೆ ದೂರ, ಯುಪಿಐ ಪಿನ್ ಮಾತ್ರ ಬಾಯಿಪಾಠ. ಆ ಕೆಲಸವನ್ನು ಪ್ಲೇ ಚೊಕ್ಕವಾಗಿ ಮಾಡುತ್ತದೆ. ಬೇಡ ಅಂದವರು ಪ್ಲೇ ಸ್ಟೋರ್ ಒಳಗೆ ಹೋಗಿ ತಾವೇ ಚಂದಾ ನಿಲ್ಲಿಸಬಹುದು. ನನಗೆ ಫೋನ್ ಬರುವುದಿಲ್ಲ. ಲೆಕ್ಕ ಬರೆಯುವವಳಿಗೆ ಇದಕ್ಕಿಂತ ಏನು ಬೇಕು?

ಇದಕ್ಕೆ ಬೆಲೆ ನೂರಕ್ಕೆ 15. ಗೂಗಲ್ ಮೊದಲು 30 ತೆಗೆದುಕೊಳ್ಳುತ್ತಿತ್ತು. 2021ರ ಜುಲೈಯಿಂದ ವರ್ಷದ ಮೊದಲ 10 ಲಕ್ಷ ಡಾಲರ್ ವ್ಯಾಪಾರಕ್ಕೆ 15 ಅಂತಾಯಿತು, 2022ರ ಜನವರಿಯಿಂದ ಚಂದಾಗಳಿಗೆ ಮೊದಲ ದಿನದಿಂದಲೇ 15. ಹಾಗಾಗಿ 30ರ ಕಾಟ ನಮ್ಮಂಥವರಿಗೆ ಇಲ್ಲ. ಭಾರತದಲ್ಲಿ 15ಕ್ಕಿಂತ ಜಾಸ್ತಿ ಕೊಡುವ ಡೆವಲಪರ್‌ಗಳು 60ಕ್ಕಿಂತ ಕಡಿಮೆ ಅಂತ ಗೂಗಲ್ಲೇ 2024ರಲ್ಲಿ ಹೇಳಿತ್ತು. ಶುಲ್ಕ ಅನ್ನುವುದನ್ನು ಕೊಡುವವರೇ ಇಲ್ಲಿನ ಡೆವಲಪರ್‌ಗಳಲ್ಲಿ ಶೇ. 3ರಷ್ಟು ಮಂದಿಯಂತೆ.

ಆ ಶೇ. 3ರಲ್ಲಿ ನಾವಿದ್ದೇವೆ. ಯಾಕೆ ಅಂತ ಕೇಳಿ. ಶುಲ್ಕ ಬರೀ ಡಿಜಿಟಲ್ ಸರಕಿಗೆ. ನೀವು ಆ್ಯಪ್‌ನಲ್ಲಿ ಇಡ್ಲಿ ತರಿಸಿಕೊಂಡರೆ, ಆಟೋ ಕರೆದರೆ, ಸೀರೆ ಕೊಂಡರೆ ಪ್ಲೇ ಸ್ಟೋರ್‌ಗೆ ಅದರಲ್ಲಿ ಪಾಲಿಲ್ಲ. ಅದೇ ಫೋನಿನಲ್ಲಿ ಗಮಕದ ಪಾಠ ಕೇಳಿದರೆ ನೂರಕ್ಕೆ 15. ಇಡ್ಲಿ ಆ್ಯಪ್ಪೂ ಅದೇ ಸ್ಟೋರ್‌ನಿಂದಲೇ ಇಳಿಯುತ್ತದೆ, ಅದಕ್ಕೂ ಅದೇ ವೈರಸ್ ತಪಾಸಣೆ, ಅದೇ ಅಪ್‌ಡೇಟ್. ಶುಲ್ಕ ಬಿಲ್ಲಿಂಗಿಗಲ್ಲ, ಆ್ಯಂಡ್ರಾಯ್ಡ್ ಮತ್ತು ಪ್ಲೇ ನಡೆಸುವ ಖರ್ಚಿಗೆ ಅಂತ ಗೂಗಲ್ ಹೇಳುತ್ತದೆ. ಆ ಖರ್ಚು ಇಡ್ಲಿಯವರಿಂದ ಬೇಡವಾಗಿ ಪಾಠದವರಿಂದ ಮಾತ್ರ ಯಾಕೆ ಬೇಕು ಅನ್ನುವುದಕ್ಕೆ ನನಗೆ ಒಪ್ಪುವಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಇನ್ನು ಯೂಸರ್ ಚಾಯ್ಸ್‌ಗೆ ಬರೋಣ. ಈ ಆಯ್ಕೆಯ ಪರದೆ ಸುಮ್ನೆ ಬಂದದ್ದಲ್ಲ. ಡಿಜಿಟಲ್ ಸರಕು ಮಾರುವ ಆ್ಯಪ್‌ಗಳೆಲ್ಲ ತನ್ನ ಬಿಲ್ಲಿಂಗನ್ನೇ ಬಳಸಬೇಕು ಅಂತ 2020ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಗಟ್ಟಿಯಾಗಿ ಹೇಳಿತು. ಇಲ್ಲಿನ ಸ್ಟಾರ್ಟಪ್‌ನವರು ಎದ್ದು ನಿಂತರು. ಭಾರತಕ್ಕೆ ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಭಾರತೀಯ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, 2022ರ ಅಕ್ಟೋಬರ್‌ನಲ್ಲಿ ಒಂದೇ ವಾರದೊಳಗೆ ಎರಡು ಆದೇಶ ಕೊಟ್ಟಿತು. 20ನೇ ತಾರೀಕಿನದು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಆ್ಯಪ್‌ಗಳನ್ನು ಮೊದಲೇ ತುಂಬಿ ಕೊಡುವ ಬಗ್ಗೆ, ದಂಡ 1,337.76 ಕೋಟಿ ರೂಪಾಯಿ. 25ನೇ ತಾರೀಕಿನದು ನಮ್ಮ ಗಲ್ಲಾದ ವಿಷಯ, ದಂಡ 936.44 ಕೋಟಿ. ಎರಡನೆಯ ಆದೇಶದಲ್ಲಿ ನನ್ನ ಕಣ್ಣು ನಿಂತ ಜಾಗ ಯೂಟ್ಯೂಬ್. ಹೊರಗಿನವರಿಗೆ ಕಡ್ಡಾಯವಾದ ಬಿಲ್ಲಿಂಗ್ ಗೂಗಲ್‌ನದೇ ಆದ ಯೂಟ್ಯೂಬ್‌ಗೆ ಇರಲಿಲ್ಲ, ಇದು ತಾರತಮ್ಯ ಅಂತ ಆಯೋಗ ಹೇಳಿತು.

2023ರ ಜನವರಿ 19ಕ್ಕೆ ಆ್ಯಂಡ್ರಾಯ್ಡ್ ಪ್ರಕರಣದಲ್ಲಿ ಸಿಸಿಐ ಆದೇಶಕ್ಕೆ ತಡೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಾರ ತುಂಬುವುದರೊಳಗೆ ಗೂಗಲ್ ಭಾರತಕ್ಕಾಗಿ ಬದಲಾವಣೆಗಳನ್ನು ಘೋಷಿಸಿತು. ಎಲ್ಲ ಆ್ಯಪ್‌ಗಳಿಗೂ ಯೂಸರ್ ಚಾಯ್ಸ್ ಬಿಲ್ಲಿಂಗ್ ಕೊಡುವುದು ಅದರಲ್ಲಿ ಒಂದು. ಪತ್ರಿಕೆಯಲ್ಲಿ ಓದಿದವರಿಗೆ ಗೆದ್ದಂತೆ ಅನ್ನಿಸಿರಬೇಕು, ಅಲ್ವಾ?

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಗಿರಾಕಿ ನಮ್ಮ ಗಲ್ಲಾ ಆರಿಸಿಕೊಂಡರೆ ಗೂಗಲ್ ತನ್ನ ಶುಲ್ಕದಲ್ಲಿ 4 ಅಂಶ ಬಿಡುತ್ತದೆ. 15 ಇದ್ದದ್ದು 11 ಆಗುತ್ತದೆ. ಸೊನ್ನೆ ಆಗುವುದಿಲ್ಲ, 11. ನಮ್ಮ ಗಲ್ಲಾ ಅಂದರೆ ಯಾವುದಾದರೂ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ಪಡೆದು ನಮಗೆ ತಲುಪಿಸುವ ಕಂಪನಿ ತಾನೆ? ಅವರದು ಸಾಮಾನ್ಯವಾಗಿ ನೂರಕ್ಕೆ 2. ಒಟ್ಟು 13. ಉಳಿದದ್ದು ಎರಡು ರೂಪಾಯಿ. ದೊಡ್ಡವರ ಲೆಕ್ಕವೂ ಇದೇ. 30 ಇದ್ದದ್ದು 26, ಜೊತೆಗೆ ಗೇಟ್‌ವೇ 2, ಒಟ್ಟು 28. ಅಲ್ಲೂ ಎರಡೇ ರೂಪಾಯಿ.

ನಾನು ಮೊದಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಮಾಲು ಆ ಮಂಡಿಯಲ್ಲಿ ಮಾರಿದರೆ ಮಾತ್ರ ದಲಾಲಿ. ರೈತ ಬೇರೆ ಕಡೆ ಕೊಟ್ಟು ಬೇರೆ ಕಡೆ ದುಡ್ಡು ಎಣಿಸಿಕೊಂಡರೆ ಮಂಡಿಯವರು ‘ನಮ್ಮ ರಸ್ತೆ ಮೇಲೆ ಗಾಡಿ ಬಂತು’ ಅಂತ ಪಾಲು ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ.

ಈ 4ರ ಲೆಕ್ಕ ನಮ್ಮ ದೇಶಕ್ಕೆ ಅಂತ ಹೊಸದಾಗಿ ಹುಟ್ಟಿದ್ದೂ ಅಲ್ಲ. ಸ್ಟೋರ್‌ನವರ ಬಿಲ್ಲಿಂಗನ್ನು ಕಡ್ಡಾಯ ಮಾಡಬಾರದು ಅಂತ ಜಗತ್ತಿನಲ್ಲಿ ಮೊದಲು ಕಾನೂನು ಮಾಡಿದ್ದು ದಕ್ಷಿಣ ಕೊರಿಯಾ, 2021ರಲ್ಲಿ. ಅಲ್ಲೂ ಗೂಗಲ್ ಬೇರೆ ಬಿಲ್ಲಿಂಗಿಗೆ ದಾರಿ ಬಿಟ್ಟು, ಶುಲ್ಕದಲ್ಲಿ 4 ಅಂಶ ಇಳಿಸಿತು. ನೆದರ್ಲೆಂಡ್ಸ್‌ನಲ್ಲಿ ಡೇಟಿಂಗ್ ಆ್ಯಪ್‌ಗಳ ವಿಷಯಕ್ಕೆ ಅಲ್ಲಿನ ಸ್ಪರ್ಧಾ ನಿಯಂತ್ರಕರು ಆ್ಯಪಲ್‌ನ ಬೆನ್ನು ಹತ್ತಿದಾಗ ಆ್ಯಪಲ್ 30 ಇದ್ದದ್ದನ್ನು 27 ಮಾಡಿತು. ಗೇಟ್‌ವೇ ಖರ್ಚು ಎಷ್ಟೋ ಅಷ್ಟನ್ನು ಬಿಟ್ಟುಕೊಡುವುದು, ಉಳಿದದ್ದನ್ನು ಹಾಗೇ ಇಟ್ಟುಕೊಳ್ಳುವುದು. ಕಂಪನಿ ಎರಡು, ಗಣಿತ ಒಂದೇ.

ಎರಡು ರೂಪಾಯಿಯಾದರೂ ಉಳಿಯಿತಲ್ಲ ಅಂತ ಅಕ್ಕನ ಮಗ ಹಟ ಮಾಡಿ ಜೋಡಿಸಿದ. ಹೇಗೆ ಜೋಡಿಸಬೇಕು ಅಂತ ಗೂಗಲ್ ಬರೆದಿಟ್ಟ ದಸ್ತಾವೇಜು ಅವನ ಪ್ರಕಾರ ಚೆನ್ನಾಗಿದೆ, ಆ ವಿಷಯದಲ್ಲಿ ಗೂಗಲ್‌ನ ಮೇಲೆ ದೂರಿಲ್ಲ. ಕೆಲಸ ಮಾತ್ರ ನನ್ನ ಕಡೆ ಬಂತು. ನಮ್ಮ ಗಲ್ಲಾಕ್ಕೆ ಬಿದ್ದ ಪ್ರತಿಯೊಂದು ಪಾವತಿಯನ್ನೂ 24 ಗಂಟೆಯೊಳಗೆ ಗೂಗಲ್‌ಗೆ ವರದಿ ಮಾಡಬೇಕು. ಅದು ಪ್ರೋಗ್ರಾಂ ತಾನೇ ಮಾಡುತ್ತದೆ, ಸರಿ. ದುಡ್ಡು ವಾಪಸು ಕೊಟ್ಟರೆ ಅದನ್ನೂ ವರದಿ ಮಾಡಬೇಕು. ಆಮೇಲೆ ಗೂಗಲ್ ತನ್ನ 11ಕ್ಕೆ ಬಿಲ್ ಕಳಿಸುತ್ತದೆ, ನಾವು ಕಟ್ಟಬೇಕು. ಮೊದಲಾದರೆ ಗೂಗಲ್ ತನ್ನದನ್ನು ಹಿಡಿದುಕೊಂಡು ನಮ್ಮದನ್ನು ಕಳಿಸುತ್ತಿತ್ತು, ಒಂದೇ ಸಾಲಿನ ಲೆಕ್ಕ. ಈಗ ಪ್ಲೇ ಮೂಲಕ ಬಂದದ್ದು ಒಂದು ಹಾಳೆ, ಗೇಟ್‌ವೇ ಮೂಲಕ ಬಂದದ್ದು ಒಂದು ಹಾಳೆ, ಗೂಗಲ್‌ನ ಬಿಲ್ಲು ಇನ್ನೊಂದು. ಮೂರನ್ನೂ ತಾಳೆ ಹಾಕಬೇಕು. ಕಾರ್ಡ್ ವಿವರ ಮುಟ್ಟುವುದಾದರೆ ಅದಕ್ಕೆ ಬೇಕಾದ ಭದ್ರತೆಯ ಮಾನದಂಡ ಪಾಲಿಸಬೇಕು, ಗಿರಾಕಿಗಳ ದೂರು ಕೇಳುವ ವ್ಯವಸ್ಥೆಯೂ ನಮ್ಮದೇ ಇರಬೇಕು.

ಆ ವ್ಯವಸ್ಥೆ ಅಂದರೆ ನನ್ನ ಫೋನು. ಗೇಟ್‌ವೇ ಕಂಪನಿಯ ಹೆಸರು ಇಲ್ಲಿ ಬೇಡ. ತಿಪಟೂರಿನ ಒಬ್ಬ ಮೇಷ್ಟ್ರಿಗೆ ದುಡ್ಡು ಕಟ್ ಆಯಿತು, ಪಾಠ ತೆರೆದುಕೊಳ್ಳಲಿಲ್ಲ. ಗೇಟ್‌ವೇಯವರು ‘ಪೆಂಡಿಂಗ್’ ಅಂತಾರೆ, ಬ್ಯಾಂಕಿನವರು ‘ನಮ್ಮ ಕಡೆಯಿಂದ ಹೋಗಿದೆ’ ಅಂತಾರೆ. ಮೇಷ್ಟ್ರು ಬೈಯಲಿಲ್ಲ, ‘ನೂರು ರೂಪಾಯಿ ದೊಡ್ಡದಲ್ಲಮ್ಮ, ಎಲ್ಲಿ ಹೋಯಿತು ಅನ್ನೋದು ಗೊತ್ತಾಗಬೇಕು’ ಅಂದರು. ನನಗೂ ಅದೇ ಆಗಬೇಕಿತ್ತು. ಕೊನೆಗೆ ನಾನೇ ನನ್ನ ಖಾತೆಯಿಂದ ಅವರಿಗೆ ಹಾಕಿ ಪಾಠ ತೆರೆದುಕೊಟ್ಟೆ. ಎರಡು ರೂಪಾಯಿಯಂತೆ ಆ ನೂರನ್ನು ವಾಪಸು ದುಡಿಯಲು ಎಷ್ಟು ಚಂದಾ ಬೇಕು, ನೀವೇ ಲೆಕ್ಕ ಹಾಕಿ.

ಗಿರಾಕಿಗೆ ಕಾಣುವ ಪರದೆಯನ್ನೂ ವಿಮರ್ಶೆ ಮಾಡಬೇಕಲ್ಲ. ಮೊದಲ ಸಲ ಒಂದು ಸೂಚನೆ ಬರುತ್ತದೆ. ಪಾವತಿಗೆ ಎರಡು ದಾರಿ ಇದೆ, ಪ್ಲೇ ಗಿಫ್ಟ್ ಕಾರ್ಡಿನಂಥ ಸೌಲಭ್ಯಗಳು ಪ್ಲೇ ದಾರಿಯಲ್ಲಿ ಮಾತ್ರ ಅನ್ನುವ ಧಾಟಿಯದು. ಆಮೇಲೆ ಎರಡು ಗುಂಡಿ. ಗುಂಡಿಗಳಲ್ಲಿ ಮೋಸವಿಲ್ಲ, ಎರಡೂ ಒಂದೇ ತರಹ ಇರುತ್ತವೆ. ಆದರೆ ಬೆಲೆ ಎರಡರಲ್ಲೂ ಒಂದೇ ಆದಾಗ ಜನ ಯಾಕೆ ಆರಿಸಬೇಕು? ಹೊಸಹಳ್ಳಿ ಕಡೆಯ ಒಬ್ಬ ಅಜ್ಜಿ ಇದೇ ಪರದೆ ಮುಂದೆ ಕೂತು ಫೋನ್ ಮಾಡಿದ್ದರು. ‘ಅಲ್ವೇ, ಎರಡ್ರಲ್ಲೂ ನೂರೇ ಇದೆ. ನಿಂಗೆ ಯಾವ್ದು ಒತ್ತಿದ್ರೆ ಒಳ್ಳೇದು ಹೇಳು, ಅದೇ ಒತ್ತತೀನಿ.’ ನಾನು ನಮ್ಮದು ಒತ್ತಿ ಅಂದಿದ್ದರೆ ಎರಡು ರೂಪಾಯಿ ಜಾಸ್ತಿ ಬರುತ್ತಿತ್ತು. ಪ್ಲೇ ಒತ್ತಿ ಅಜ್ಜಿ ಅಂದೆ. ಅದರಲ್ಲಿ ಆಟೋಪೇ ಸರಿಯಾಗಿ ನಡೆಯುತ್ತದೆ, ಅವರಿಗೆ ತೊಂದರೆ ಇಲ್ಲ.

ನಮ್ಮ ಗಲ್ಲಾದಲ್ಲಿ 90 ರೂಪಾಯಿ ಅಂತ ಬೆಲೆ ಇಳಿಸಿದ್ದರೆ ಜನ ಅಲ್ಲಿಗೆ ಬರುತ್ತಿದ್ದರೇನೋ. ಎರಡು ರೂಪಾಯಿ ಉಳಿತಾಯದಲ್ಲಿ ಹತ್ತು ರೂಪಾಯಿ ರಿಯಾಯಿತಿ ಎಲ್ಲಿಂದ ಕೊಡುವುದು? ಸ್ಪರ್ಧೆ ಅಂದರೆ ಬೆಲೆ ಇಳಿಯಬೇಕು. ಇಲ್ಲಿ ಗುಂಡಿ ಎರಡಾಯಿತು, ಬೆಲೆ ಇದ್ದಲ್ಲೇ ಇದೆ.

ಸಿಸಿಐಗೂ ಇದು ಕಾಣದೆ ಇಲ್ಲ. 2024ರ ಮಾರ್ಚ್ 15ಕ್ಕೆ ಇದೇ ಶುಲ್ಕದ ಬಗ್ಗೆ ಹೊಸ ತನಿಖೆಗೆ ಆದೇಶ ಮಾಡಿತು. ಅದಕ್ಕೆ ಎರಡು ವಾರ ಮುಂಚೆ ನಡೆದದ್ದು ಮ್ಯಾಟ್ರಿಮೊನಿ ನೋಡುವವರಿಗೆಲ್ಲ ನೆನಪಿರುತ್ತದೆ. ಮಾರ್ಚ್ 1ರಂದು, ಶುಲ್ಕ ಕಟ್ಟುತ್ತಿಲ್ಲ ಅಂತ ಹತ್ತು ಭಾರತೀಯ ಕಂಪನಿಗಳ ಮೇಲೆ ಗೂಗಲ್ ಕ್ರಮಕ್ಕೆ ಇಳಿದು ಆ್ಯಪ್‌ಗಳನ್ನು ಪ್ಲೇಯಿಂದ ತೆಗೆಯಿತು. ಭಾರತ್ ಮ್ಯಾಟ್ರಿಮೊನಿ, ಶಾದಿ ಡಾಟ್ ಕಾಮ್, ನೌಕ್ರಿ, ಕುಕು ಎಫ್ಎಂ ಎಲ್ಲ ಅದರಲ್ಲಿದ್ದವು. ಇದನ್ನು ಒಪ್ಪಲಾಗದು ಅಂತ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಹೇಳಿದರು, ಸಭೆ ಆಯಿತು, ಕೆಲವೇ ದಿನದಲ್ಲಿ ಆ್ಯಪ್‌ಗಳು ವಾಪಸು ಬಂದವು. ಅವರಿಗೆ ಸಚಿವರ ಕಿವಿ ಸಿಕ್ಕಿತು. ಶಿವಮೊಗ್ಗದ ಗಮಕದ ಆ್ಯಪ್ ಒಂದನ್ನು ತೆಗೆದಿದ್ದರೆ ಯಾರಿಗೆ ಫೋನ್ ಮಾಡಬೇಕಿತ್ತು?

2025ರ ಮಾರ್ಚ್ 28ಕ್ಕೆ, ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 936.44 ಕೋಟಿಯ ದಂಡವನ್ನು 216.69 ಕೋಟಿಗೆ ಇಳಿಸಿತು. ಗೂಗಲ್ ತನ್ನ ಸ್ಥಾನವನ್ನು ದುರುಪಯೋಗ ಮಾಡಿದೆ ಅನ್ನುವ ಮಾತನ್ನು ಮಾತ್ರ ಉಳಿಸಿತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದಂಡ ಸರ್ಕಾರದ ಖಜಾನೆಗೆ ಹೋಗುವಂಥದ್ದು. ಅದು 936 ಆದರೂ 216 ಆದರೂ ನನ್ನ ಲೆಕ್ಕದ ಪುಸ್ತಕದಲ್ಲಿ ಸಾಲು ಬದಲಾಗುವುದಿಲ್ಲ. 15, 11 ಅನ್ನುವ ಅಂಕಿ ಬದಲಾದರೆ ಮಾತ್ರ ನಮಗೆ ಸುದ್ದಿ.

‘ಗೂಗಲ್ ಬೇಡ ಅಂದರೆ ಬೇರೆ ಸ್ಟೋರ್‌ಗೆ ಹೋಗಿ’ ಅನ್ನುವವರೂ ಇದ್ದಾರೆ. ಹತ್ತಿರದಲ್ಲೇ ಇದೆ, ಬೆಂಗಳೂರಿನ ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್. 2024ರ ಫೆಬ್ರವರಿ 21ಕ್ಕೆ ಶುರುವಾಯಿತು. ಇಂಗ್ಲಿಷ್ ಅಲ್ಲದೆ 12 ಭಾರತೀಯ ಭಾಷೆ, ಅದರಲ್ಲಿ ಕನ್ನಡವೂ ಇದೆ. ಯಾವ ಗೇಟ್‌ವೇ ಬೇಕಾದರೂ ಬಳಸಬಹುದು, ಬೇರೆ ಗೇಟ್‌ವೇ ಬಳಸಿದರೆ ಕಮಿಷನ್ ಸೊನ್ನೆ. ನಾನು ಗಿರಾಕಿಯಾಗಿ ಬಳಸಿದ್ದೇನೆ. ಪರದೆ ಪೂರ್ತಿ ಕನ್ನಡದಲ್ಲಿ ಇಟ್ಟುಕೊಂಡು ಆ್ಯಪ್ ಹುಡುಕುವುದು ನಿಜಕ್ಕೂ ಹಿತ. ಇಮೇಲ್ ವಿಳಾಸ ಇಲ್ಲದವರೂ ಮೊಬೈಲ್ ನಂಬರಿನಲ್ಲೇ ಒಳಗೆ ಹೋಗಬಹುದು. (ಇದು ಸ್ವದೇಶಿ ಅಂತ ಎದೆ ತಟ್ಟಿಕೊಳ್ಳುವ ಮುಂಚೆ ಫೋನ್‌ಪೇಯ ದೊಡ್ಡ ಪಾಲು ಅಮೆರಿಕದ ವಾಲ್‌ಮಾರ್ಟ್‌ದು ಅನ್ನುವುದೂ ನೆನಪಿರಲಿ.)

ತೊಡಕು ಇಂಡಸ್‌ನದಲ್ಲ, ಬಾಗಿಲಿನದು. ಪ್ಲೇ ಸ್ಟೋರ್ ಒಳಗೆ ಬೇರೆ ಸ್ಟೋರ್ ಸಿಗುವುದಿಲ್ಲ. ಸಿಗಬೇಕು ಅಂತ ಸಿಸಿಐ ಹೇಳಿತ್ತು, 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ 1,337.76 ಕೋಟಿಯ ದಂಡ ಎತ್ತಿಹಿಡಿದರೂ ಆ ಸೂಚನೆಯನ್ನು ತೆಗೆದುಹಾಕಿತು. ಹಾಗಾಗಿ ಫೋನಿನಲ್ಲಿ ಮೊದಲೇ ಬರದಿದ್ದರೆ ವೆಬ್‌ಸೈಟಿಗೆ ಹೋಗಿ ಇಳಿಸಿಕೊಳ್ಳಬೇಕು. ಆಗ ಫೋನು ಅಪರಿಚಿತ ಮೂಲ, ಅಪಾಯ ಇರಬಹುದು ಅಂತ ಎಚ್ಚರಿಸುತ್ತದೆ. ಎಚ್ಚರಿಕೆ ತಪ್ಪಲ್ಲ. ಎಪಿಕೆ ಫೈಲ್ (ಸ್ಟೋರ್ ಇಲ್ಲದೆ ಆ್ಯಪ್ ಹಾಕಿಕೊಳ್ಳುವ ಫೈಲ್) ಕಳಿಸಿ ಜನರ ಖಾತೆ ಖಾಲಿ ಮಾಡುವ ಕಳ್ಳರು ಈಗ ಬೇಕಾದಷ್ಟು ಇದ್ದಾರೆ. ನಾನೇ ನಮ್ಮ ಚಂದಾದಾರರಿಗೆ ‘ಯಾರು ಕಳಿಸಿದ್ರೂ ಇಂಥದ್ದು ಒತ್ತಬೇಡಿ’ ಅಂತ ಹೇಳುತ್ತಿರುತ್ತೇನೆ. ಅದೇ ಬಾಯಲ್ಲಿ ‘ಇದೊಂದು ಒತ್ತಿ’ ಅಂತ ಹೇಗೆ ಹೇಳಲಿ?

ಅಮೆರಿಕದಲ್ಲಿ ಇದೇ ಬಾಗಿಲಿನ ಜಗಳವನ್ನು ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮಾಡಿತು. 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಗೂಗಲ್ ವಿರುದ್ಧ ತೀರ್ಪು ಕೊಟ್ಟಿತು, 2024ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಜೇಮ್ಸ್ ಡೊನಾಟೊ ಪ್ಲೇ ಒಳಗೇ ಬೇರೆ ಸ್ಟೋರ್‌ಗಳಿಗೆ ಜಾಗ ಕೊಡಬೇಕು ಅಂತ ಆದೇಶ ಮಾಡಿದರು. ನಮ್ಮಲ್ಲಿ ತೆಗೆದುಹಾಕಿದ ಸೂಚನೆಯೇ ಅಲ್ಲಿ ಆದೇಶವಾಯಿತು.

ಇನ್ನು ಮೂರನೇ ದಾರಿ, ಆ್ಯಪ್ ಒಳಗೆ ಏನೂ ಮಾರದಿರುವುದು. ಇದಕ್ಕೆ ಶುಲ್ಕ ಸೊನ್ನೆ. ಹೊರಗೆ ಕೊಂಡು ಇಲ್ಲಿ ಲಾಗಿನ್ ಆಗಿ ಕೇಳಬಹುದು. ‘ನಮ್ಮ ವೆಬ್‌ಸೈಟಿನಲ್ಲಿ ಚಂದಾ ಸಿಗುತ್ತದೆ’ ಅಂತ ಬರೆಯಬಹುದು, ಒತ್ತಿದರೆ ಸೀದಾ ಅಲ್ಲಿಗೆ ಹೋಗುವ ಕೊಂಡಿ ಹಾಕುವಂತಿಲ್ಲ. ದೊಡ್ಡ ಹೆಸರಿದ್ದವರಿಗೆ ಇದು ಸಾಕು, ಜನ ಹುಡುಕಿಕೊಂಡು ಬರುತ್ತಾರೆ. ನಮಗೆ ಇದು ಹೀಗೆ ಹೊಂದಿತು: ಗಮಕ ವಾಚನ ನಡೆಯುವ ಕಡೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು ಮೇಜು, ಅದರ ಮೇಲೆ ಕ್ಯೂಆರ್ ಕೋಡ್. ವರ್ಷದ ಚಂದಾ ಅಲ್ಲೇ ಕೊಡುತ್ತಾರೆ, ನಾನು ಅವರ ಫೋನಿನಲ್ಲಿ ಲಾಗಿನ್ ಮಾಡಿಕೊಡುತ್ತೇನೆ. ಪಾಲು ಕೇಳುವವರಿಲ್ಲ. ಆದರೆ ಡಲ್ಲಾಸ್‌ನಲ್ಲೋ ದುಬೈನಲ್ಲೋ ಕೂತ ಕನ್ನಡಿಗರ ಹತ್ತಿರ ನಮ್ಮ ಮೇಜು ಹೋಗುವುದಿಲ್ಲ.

ನಕ್ಷತ್ರ ಕೊಡುವುದಾದರೆ, ಪ್ಲೇಯ ಸ್ವಂತ ಬಿಲ್ಲಿಂಗಿಗೆ ಐದರಲ್ಲಿ ನಾಲ್ಕು. ಕೆಲಸ ಒಳ್ಳೆಯದು, ಬೆಲೆ ಜಾಸ್ತಿ. ಏನೂ ಮಾರದ ದಾರಿಗೆ ಮೂರು. ಯೂಸರ್ ಚಾಯ್ಸ್‌ಗೆ ಒಂದೂವರೆ, ಅದರಲ್ಲಿ ಒಂದು ದಸ್ತಾವೇಜಿಗೆ, ಅರ್ಧ ಗುಂಡಿಗಳನ್ನು ಸಮಾನವಾಗಿ ಇಟ್ಟದ್ದಕ್ಕೆ. ಚಂದಾ ಮಾರುವ ಸಣ್ಣವರು ಯಾರಾದರೂ ಇದನ್ನು ಹಾಕಿಕೊಳ್ಳೋಣವೇ ಅಂತ ಕೇಳಿದರೆ, ತಿಂಗಳಿಗೆ ಸಾವಿರಾರು ಪಾವತಿ ಇದ್ದು, ದೂರು ಕೇಳಲು ಸಂಬಳದ ಮೇಲೆ ಜನ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಡ ಅನ್ನುತ್ತೇನೆ. ನಾವು ನಿಲ್ಲಿಸಿದ್ದೇವೆ. ಕೋಡ್ ಅಳಿಸಬೇಡ ಅಂತ ಅಕ್ಕನ ಮಗನಿಗೆ ಹೇಳಿದ್ದೇನೆ. ‘ಯಾಕೆ ಚಿಕ್ಕಮ್ಮ, ಬೇಡ ಅಂದಿದ್ದು ನೀವೇ ಅಲ್ವಾ’ ಅಂದ. 11 ಅನ್ನುವುದು 5 ಆದ ದಿನ ಮತ್ತೆ ಬರೆಯುವುದು ಬೇಡ, ಇರಲಿ ಬಿಡು ಅಂದೆ.